ದೊಡ್ಡ ತರಗತಿಗಳ ಟೈಮ್‌ಟೇಬಲ್ ಹಾಕುವವರಿಗೆ ಒಂದು ಬಹಿರಂಗ ಪತ್ರ

ಹೈಸ್ಕೂಲು, ಕಾಲೇಜುಗಳ ಮುಖ್ಯಸ್ಥರೇ, ಆಡಳಿತ ಮಂಡಳಿಯವರೇ, ಪಠ್ಯ ಮತ್ತು ಪರೀಕ್ಷೆಯ ಹೊಣೆ ಹೊತ್ತವರೇ,

ನಮಸ್ಕಾರ.

ಹದಿನಾಲ್ಕರಿಂದ ಹದಿನೆಂಟು ವಯಸ್ಸಿನ ಮಕ್ಕಳಿಗೆ ಪಾಠ ಮಾಡುವವರಲ್ಲಿ ನಾನೂ ಒಬ್ಬಳು. ನಿಮ್ಮ ಹತ್ತಿರ ಒಂದು ಬೇಡಿಕೆ ಇಡೋಕೆ ಈ ಪತ್ರ ಬರೆಯುತ್ತಿದ್ದೇನೆ. ಹೊಸ ಕಟ್ಟಡ ಕೇಳುತ್ತಿಲ್ಲ, ದುಬಾರಿ ಯಂತ್ರ ಕೇಳುತ್ತಿಲ್ಲ. ಪ್ರತಿ ವಿಷಯಕ್ಕೆ ವಾರದಲ್ಲಿ ಒಂದು ಸಲ ಎರಡು ಪೀರಿಯಡ್ ಒಟ್ಟಿಗೆ ಬೇಕು, ಅಷ್ಟೇ. ಅದು ಯಾಕೆ ಬೇಕು, ಅದರಲ್ಲಿ ಏನು ಮಾಡುತ್ತೇವೆ ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ದಯವಿಟ್ಟು ಪೂರ್ತಿ ಓದಿ.

ಸಣ್ಣ ತರಗತಿಗಳಿಗೆ ಒಮ್ಮೆ ಹೋಗಿ ನೋಡಿ. ಗೋಡೆ ತುಂಬ ಮಕ್ಕಳೇ ಬರೆದ ಚಿತ್ರಗಳು. ನೆಲದ ಮೇಲೆ ಸುತ್ತ ಕೂತ ಗುಂಪುಗಳು. ಎಣಿಸೋಕೆ ಬೀಜ, ಅಳೆಯೋಕೆ ದಾರ. ಆಮೇಲೆ ದೊಡ್ಡ ತರಗತಿಗಳಿಗೆ ಬನ್ನಿ. ಗೋಡೆ ಖಾಲಿ. ಬೆಂಚುಗಳೆಲ್ಲ ಬೋರ್ಡಿನ ಕಡೆ ಮುಖ ಮಾಡಿ ಸಾಲಾಗಿವೆ. ಒಬ್ಬರು ಮಾತಾಡುತ್ತಾರೆ, ಉಳಿದವರೆಲ್ಲ ಬರೆದುಕೊಳ್ಳುತ್ತಾರೆ. ಕೈಯಾರೆ ಮಾಡಿ, ಮಾತಾಡಿ, ವಾದ ಮಾಡಿ ಕಲಿಯುವುದೆಲ್ಲ ಚಿಕ್ಕವರಿಗೆ, ದೊಡ್ಡವರು ಕೂತು ಕೇಳಿದರೆ ಸಾಕು ಅಂತ ನಾವೆಲ್ಲ ಯಾವಾಗಲೋ ಒಪ್ಪಿಕೊಂಡುಬಿಟ್ಟಿದ್ದೇವೆ. ಇದು ತಪ್ಪು. ವಯಸ್ಸು ಏರಿದ ಹಾಗೆ ಚಟುವಟಿಕೆ ಬೇಡವಾಗುವುದಿಲ್ಲ. ಬೇರೆ ಥರದ ಚಟುವಟಿಕೆ ಬೇಕಾಗುತ್ತದೆ.

ಹದಿನಾರು ವರ್ಷದ ಹುಡುಗ ಹುಡುಗಿಯರ ಜೊತೆ ದಿನಾ ಇರುವವರಿಗೆ ಇದು ಗೊತ್ತು. 'ಇದನ್ನ ಯಾಕೆ ಕಲೀಬೇಕು?' ಅಂತ ಅವರು ನೇರವಾಗಿ ಕೇಳುತ್ತಾರೆ. 'ಹೀಗಾಗದೆ ಹಾಗಾಗಿದ್ದರೆ?' ಅಂತ ಯೋಚಿಸುವ ಶಕ್ತಿ ಅವರಿಗೆ ಬಂದಿರುತ್ತದೆ. ಒಂದೇ ವಿಷಯಕ್ಕೆ ಎರಡು ಸರಿಯಾದ ವಾದ ಇರಬಹುದು ಅಂತ ಅರ್ಥವಾಗುವ ವಯಸ್ಸು ಅದು. ಪಕ್ಕದಲ್ಲಿ ಕೂತ ಗೆಳೆಯರು ತಮ್ಮ ಬಗ್ಗೆ ಏನು ಅಂದುಕೊಳ್ಳುತ್ತಾರೆ ಅನ್ನುವುದು ಅವರಿಗೆ ತುಂಬ ದೊಡ್ಡ ವಿಷಯ. ಸುಮ್ನೆ ಹೊತ್ತು ಕಳೆಯೋಕೆ ಕೊಟ್ಟ ಕೆಲಸ ಯಾವುದು, ನಿಜವಾದ ಕೆಲಸ ಯಾವುದು ಅಂತ ಎರಡು ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಇಂಥವರ ಕೈಯಲ್ಲಿ ಚಪ್ಪಾಳೆ ಹೊಡೆಸಿ ಹಾಡಿಸಿದರೆ ಅವರಿಗೆ ಅವಮಾನ ಆಗುತ್ತದೆ. ಬಣ್ಣದ ಕಾಗದ ಕತ್ತರಿಸಿ ಅಂಟಿಸಿ ಅಂದರೆ ಮಾಡುತ್ತಾರೆ, ಆದರೆ ತಲೆ ಬೇರೆಲ್ಲೋ ಇರುತ್ತದೆ. ಅವರಿಗೆ ಬೇಕಾದದ್ದು ಉತ್ತರ ಮೊದಲೇ ಗೊತ್ತಿಲ್ಲದ ಪ್ರಶ್ನೆ, ಕೈಗೆ ಸಿಗುವ ಸಾಕ್ಷ್ಯ, ಒಪ್ಪದೆ ಇರುವ ಸ್ವಾತಂತ್ರ್ಯ, ಹೇಳಿದ್ದನ್ನು ಕೇಳಿಸಿಕೊಳ್ಳುವ ಜನ.

ಒಂದು ಪಾಠವನ್ನು ಮೊದಲಿಂದ ಕೊನೆವರೆಗೆ ಹೇಳುತ್ತೇನೆ, ಆಗ ನಾನು ಏನು ಕೇಳುತ್ತಿದ್ದೇನೆ ಅಂತ ಸ್ಪಷ್ಟವಾಗುತ್ತದೆ. ಇದಕ್ಕೆ ಬೇಕಾಗುವುದು ಒಂದು ನಕ್ಷೆಯ ಜೆರಾಕ್ಸ್ ಪ್ರತಿಗಳು, ಒಂದಷ್ಟು ಚೀಟಿ, ಎರಡು ಪೀರಿಯಡ್.

1854ರ ಆಗಸ್ಟ್ ಕೊನೆ. ಲಂಡನ್ನಿನ ಸೋಹೋ ಅನ್ನುವ ಬಡಾವಣೆಯಲ್ಲಿ ಕಾಲರಾ ಶುರುವಾಗುತ್ತದೆ. 10 ದಿನದೊಳಗೆ 500ಕ್ಕೂ ಹೆಚ್ಚು ಜನ ಸಾಯುತ್ತಾರೆ. ಜಾನ್ ಸ್ನೋ ಅನ್ನುವ ವೈದ್ಯ ಪ್ರತಿ ಸಾವೂ ಯಾವ ಮನೆಯಲ್ಲಾಯಿತು ಅಂತ ನಕ್ಷೆಯ ಮೇಲೆ ಗುರುತು ಹಾಕುತ್ತಾನೆ. ಆ ನಕ್ಷೆಯನ್ನು ಪ್ರತಿ ಗುಂಪಿಗೂ ಒಂದೊಂದು ಕೊಡುತ್ತೇನೆ. ಸ್ನೋ ಏನು ತೀರ್ಮಾನ ಮಾಡಿದ ಅಂತ ಹೇಳುವುದಿಲ್ಲ. ರೋಗ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ಆಗಿನ ಹೆಚ್ಚಿನ ವೈದ್ಯರು ನಂಬಿದ್ದರು ಅಂತ ಮಾತ್ರ ಹೇಳುತ್ತೇನೆ. ಕಾಲರಾ ರೋಗಾಣುವನ್ನು ರಾಬರ್ಟ್ ಕಾಕ್ ಗುರುತಿಸಲು ಇನ್ನೂ ಸುಮಾರು 30 ವರ್ಷ ಬೇಕಿತ್ತು, ಹಾಗಾಗಿ 'ಬ್ಯಾಕ್ಟೀರಿಯಾ' ಅನ್ನುವ ಪದ ಇವತ್ತು ಯಾರೂ ಬಳಸುವ ಹಾಗಿಲ್ಲ ಅಂತಲೂ ಹೇಳುತ್ತೇನೆ. ಪ್ರಶ್ನೆ ಒಂದೇ: ಇಲ್ಲಿ ಏನಾಗುತ್ತಿದೆ?

ಮೊದಲ ಹತ್ತು ನಿಮಿಷ ನಕ್ಷೆ ನೋಡುವುದೇ ಕೆಲಸ. ಗುರುತುಗಳು ಒಂದು ಕಡೆ ದಟ್ಟವಾಗಿವೆ ಅಂತ ಎಲ್ಲರಿಗೂ ಕಾಣುತ್ತದೆ. ಬ್ರಾಡ್ ಸ್ಟ್ರೀಟ್‌ನ ನೀರಿನ ಪಂಪು ಅಲ್ಲೇ ಇದೆ ಅಂತ ಯಾರಾದರೂ ಗಮನಿಸುತ್ತಾರೆ. 'ನೀರೇ ಕಾರಣ, ಮುಗೀತು' ಅನ್ನುತ್ತಾರೆ. ಒಂದು ಸಲ ಒಬ್ಬ ಹುಡುಗಿ ಕೈ ಎತ್ತಿ ಹೇಳಿದಳು: 'ಅಲ್ಲಿ ಜನ ಜಾಸ್ತಿ ಇದ್ರೆ ಸಾವೂ ಜಾಸ್ತಿ ಇರುತ್ತಲ್ವಾ ಮಿಸ್? ಇದರಿಂದ ಏನು ಗೊತ್ತಾದ ಹಾಗಾಯ್ತು?' ತರಗತಿ ಒಂದು ಕ್ಷಣ ಸುಮ್ಮನಾಯಿತು. ಆ ಮಾತಿನಲ್ಲಿ ಸಂಖ್ಯಾಶಾಸ್ತ್ರದ ಒಂದು ಇಡೀ ಅಧ್ಯಾಯ ಇದೆ. ಬರೀ ಎಣಿಕೆ ಸಾಲದು, ಎಷ್ಟು ಜನರಲ್ಲಿ ಎಷ್ಟು ಅಂತ ಕೇಳಬೇಕು. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಹೇಳಿದ್ದರೆ ನೋಟ್ಸಿಗೆ ಹೋಗುತ್ತಿತ್ತು. ಅವಳು ಕೇಳಿದ್ದರಿಂದ ಎಲ್ಲರ ತಲೆಗೂ ಹೋಯಿತು.

ಆಗ ಎರಡನೇ ಸುತ್ತಿನ ಚೀಟಿಗಳನ್ನು ಹಂಚುತ್ತೇನೆ. ಪಂಪಿನ ಹತ್ತಿರವೇ ಒಂದು ನಿರ್ಗತಿಕರ ಆಶ್ರಮ. ಅಲ್ಲಿ 500ಕ್ಕೂ ಹೆಚ್ಚು ಜನ. ಸತ್ತವರು 5 ಮಂದಿ ಮಾತ್ರ. ಅದೇ ಬೀದಿಯಲ್ಲಿ ಒಂದು ಬಿಯರ್ ತಯಾರಿಸುವ ಜಾಗ. ಅಲ್ಲಿನ 70ಕ್ಕೂ ಹೆಚ್ಚು ಕೆಲಸಗಾರರಲ್ಲಿ ಒಬ್ಬರೂ ಸತ್ತಿಲ್ಲ. ಅದೇ ಬೀದಿಯ ಒಂದು ಕಾರ್ಖಾನೆಯಲ್ಲಿ ಮಾತ್ರ 200 ಜನರಲ್ಲಿ 18 ಮಂದಿ ಸತ್ತಿದ್ದಾರೆ. ಗಾಳಿಯೇ ಕಾರಣವಾಗಿದ್ದರೆ ಮೂರೂ ಕಡೆಯವರು ಉಸಿರಾಡುವುದು ಅದೇ ಗಾಳಿ ತಾನೇ? ಇಲ್ಲಿಂದ ತರಗತಿ ಬಿಸಿ ಏರುತ್ತದೆ. 'ಆಶ್ರಮಕ್ಕೆ ಬೇರೆ ಬಾವಿ ಇತ್ತಾ?' ಅಂತ ಕೇಳುತ್ತಾರೆ. ಇತ್ತು. ಆದರೆ ಅವರು ಕೇಳುವವರೆಗೆ ಆ ಚೀಟಿ ನನ್ನ ಕೈಯಲ್ಲೇ ಇರುತ್ತದೆ. 'ಬಿಯರ್ ತಯಾರಿಸುವವರು ನೀರು ಕುಡೀತಾನೇ ಇರಲಿಲ್ವಾ?' ಅಂತ ಒಬ್ಬ ನಗುತ್ತ ಕೇಳುತ್ತಾನೆ. ಅದು ಬಹುಮಟ್ಟಿಗೆ ನಿಜ. ಅವರು ಬಿಯರ್ ಕುಡಿಯುತ್ತಿದ್ದರು, ಜೊತೆಗೆ ಒಳಗೆ ಅವರದ್ದೇ ಬಾವಿ ಇತ್ತು. ಕಾರ್ಖಾನೆಯಲ್ಲೋ, ಕೆಲಸಗಾರರಿಗೆ ಕುಡಿಯಲು ಪಂಪಿನ ನೀರನ್ನೇ ತೊಟ್ಟಿಗಳಲ್ಲಿ ತುಂಬಿಡುತ್ತಿದ್ದರು.

ಕೊನೆಯ ಚೀಟಿ ಹ್ಯಾಂಪ್‌ಸ್ಟೆಡ್‌ನ ವಿಧವೆಯದ್ದು. ಸೋಹೋದಿಂದ ಎಷ್ಟೋ ದೂರದಲ್ಲಿದ್ದ ಮಹಿಳೆ. ಹಿಂದೆ ಬ್ರಾಡ್ ಸ್ಟ್ರೀಟ್‌ನಲ್ಲಿ ವಾಸ ಮಾಡಿದ್ದಳು. ಅಲ್ಲಿನ ನೀರಿನ ರುಚಿ ಇಷ್ಟ ಅಂತ ಗಾಡಿಯಲ್ಲಿ ದಿನಾ ತರಿಸಿಕೊಳ್ಳುತ್ತಿದ್ದಳು. ಅವಳೂ ಕಾಲರಾದಿಂದ ಸತ್ತಳು. ಅವಳನ್ನು ನೋಡಲು ಬಂದು ಅದೇ ನೀರು ಕುಡಿದ ತಂಗಿಯ ಅಥವಾ ಅಣ್ಣನ ಮಗಳೂ ತನ್ನ ಊರಿಗೆ ಹೋಗಿ ಸತ್ತಳು. ಈ ಚೀಟಿ ಓದಿದ ಮೇಲೆ ಗಾಳಿಯ ಪರ ವಾದಿಸುತ್ತಿದ್ದ ಗುಂಪು ಏನು ಹೇಳುತ್ತದೆ ಅಂತ ನೋಡಬೇಕು.

ಪಾಠ ಅಲ್ಲಿಗೆ ಮುಗಿಯುವುದಿಲ್ಲ. ದೊಡ್ಡ ಮಕ್ಕಳಿಗೆ ಕಥೆಯ ಒರಟು ಅಂಚುಗಳನ್ನೂ ತೋರಿಸಬೇಕು. ಸೆಪ್ಟೆಂಬರ್ 8ರಂದು ಪಂಪಿನ ಹಿಡಿ ತೆಗೆಸಿದರು. ಆದರೆ ಅಷ್ಟರಲ್ಲಿ ಸಾವುಗಳು ಇಳಿಯುತ್ತ ಬಂದಿದ್ದವು, ಜನ ಮನೆ ಬಿಟ್ಟು ಓಡಿಹೋಗಿದ್ದರು. ಇದನ್ನು ಸ್ನೋ ತಾನೇ ಬರೆದಿದ್ದಾನೆ. ಹಾಗಾದರೆ ಹಿಡಿ ತೆಗೆದದ್ದರಿಂದ ಪ್ರಯೋಜನ ಆಯಿತೇ? ಪಂಪಿನ ನೀರೇ ಕಾರಣ ಅನ್ನುವ ಸ್ನೋನ ವಾದವನ್ನು ಆಗಿನ ಆರೋಗ್ಯ ಮಂಡಳಿಯ ಸಮಿತಿ ಒಪ್ಪಲಿಲ್ಲ, ಯಾಕೆ? ಹೆನ್ರಿ ವೈಟ್‌ಹೆಡ್ ಅನ್ನುವ ಸ್ಥಳೀಯ ಪಾದ್ರಿ ಮೊದಲು ಸ್ನೋನನ್ನು ನಂಬಿರಲಿಲ್ಲ. ಆದರೆ ಮನೆಮನೆಗೆ ಹೋಗಿ ವಿಚಾರಿಸಿದ ಮೇಲೆ ಅವನ ಮನಸ್ಸು ಬದಲಾಯಿತು. ಪಂಪಿನ ಪಕ್ಕದ ಮನೆಯ ಕಾಯಿಲೆ ಬಿದ್ದ ಮಗುವಿನ ಬಟ್ಟೆ ತೊಳೆದ ನೀರು ಹಳೆಯ ಕೊಳಚೆ ಗುಂಡಿಯಿಂದ ಪಂಪಿನ ಬಾವಿಗೆ ಸೇರಿತ್ತು ಅಂತ ತಿಳಿಯಲು ದಾರಿ ಮಾಡಿದವನೂ ಅವನೇ. ಸಾಕ್ಷ್ಯ ನೋಡಿ ಮನಸ್ಸು ಬದಲಿಸಿದ ಮನುಷ್ಯ. ಹದಿನಾರು ವರ್ಷದವರಿಗೆ ಅವನ ಪರಿಚಯ ಆಗಲೇಬೇಕು ಅಂತ ನನಗನಿಸುತ್ತದೆ.

ಈ ಒಂದು ಪಾಠದಲ್ಲಿ ಜೀವಶಾಸ್ತ್ರ ಇದೆ, ಭೂಗೋಳ ಇದೆ, ಇತಿಹಾಸ ಇದೆ, ಗಣಿತ ಇದೆ. ಇದನ್ನು 40 ನಿಮಿಷದಲ್ಲಿ ಮಾಡೋಕೆ ಆಗುವುದಿಲ್ಲ. ಗುಂಪು ಮಾಡಿ, ನಕ್ಷೆ ಹಂಚಿ, ಮೊದಲ ವಾದ ಶುರುವಾಗುವಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಮುಂದಿನ ಪೀರಿಯಡ್ ಎರಡು ದಿನ ಬಿಟ್ಟು ಇರುತ್ತದೆ. ಅಷ್ಟು ಹೊತ್ತಿಗೆ ಎಲ್ಲ ಆರಿಹೋಗಿರುತ್ತದೆ. ಜೋಡಿ ಪೀರಿಯಡ್ ಕೇಳುತ್ತಿರುವುದು ಇದಕ್ಕೇ.

'ಪೋರ್ಷನ್ ಮುಗಿಯಲ್ಲ' ಅಂತ ನೀವು ಹೇಳುತ್ತೀರಿ. ಸ್ಟಾಫ್ ರೂಮಿನಲ್ಲೂ ಇದೇ ಮಾತು. ಈ ಚಿಂತೆ ನಿಜವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕುವುದಿಲ್ಲ. ಆದರೆ ಶಿಕ್ಷಕರ ಪೋರ್ಷನ್ ಮುಗಿಯುವುದು ಬೇರೆ, ಮಕ್ಕಳಿಗೆ ಬರುವುದು ಬೇರೆ. 2014ರಲ್ಲಿ ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು ಕಾಲೇಜು ಮಟ್ಟದ ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ ಮೇಲೆ ನಡೆದ 225 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಬರೀ ಉಪನ್ಯಾಸ ಕೇಳಿದ ತರಗತಿಗಳಲ್ಲಿ ಸರಾಸರಿ 33.8 ಶೇಕಡ ವಿದ್ಯಾರ್ಥಿಗಳು ಫೇಲ್. ಮಕ್ಕಳು ಕೂಡ ಏನಾದರೂ ಮಾಡುತ್ತಿದ್ದ ತರಗತಿಗಳಲ್ಲಿ 21.8 ಶೇಕಡ. ನೆನಪಿಡಿ, ಇದು ಪರೀಕ್ಷೆಯ ಲೆಕ್ಕ. ಪರೀಕ್ಷೆಗೆ ತೊಂದರೆ ಆಗುತ್ತದೆ ಅಂತ ಹೆದರಿ ನಾವು ಬಿಟ್ಟುಬಿಟ್ಟ ದಾರಿಯೇ ಪರೀಕ್ಷೆಗೂ ಒಳ್ಳೆಯದು.

ಇದರ ಜೊತೆಗೆ ನಿಮಗೆ ಇನ್ನೊಂದು ಅಧ್ಯಯನವೂ ಗೊತ್ತಿರಬೇಕು, ಯಾಕಂದರೆ ದೂರು ಬರುವುದು ನಿಮ್ಮ ಮೇಜಿಗೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರದ ತರಗತಿಗಳಲ್ಲಿ ನಡೆದ ಒಂದು ಹೋಲಿಕೆ 2019ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಚೆನ್ನಾಗಿ ಸಿದ್ಧಪಡಿಸಿದ ಉಪನ್ಯಾಸ. ಇನ್ನೊಂದಕ್ಕೆ ಅದೇ ವಿಷಯ, ಆದರೆ ಗುಂಪಿನಲ್ಲಿ ಕೂತು ಲೆಕ್ಕ ಬಿಡಿಸುವುದು. ಯಾರು ಜಾಸ್ತಿ ಕಲಿತರು? ಲೆಕ್ಕ ಬಿಡಿಸಿದವರು. ಜಾಸ್ತಿ ಕಲಿತೆವು ಅಂತ ಯಾರಿಗೆ ಅನಿಸಿತು? ಉಪನ್ಯಾಸ ಕೇಳಿದವರಿಗೆ. ಸರಾಗವಾದ ಮಾತು ಕೇಳುವಾಗ ಎಲ್ಲ ಅರ್ಥವಾದ ಹಾಗೆ ಇರುತ್ತದೆ. ತಾನೇ ತಡಕಾಡುವಾಗ ಏನೂ ಬರುತ್ತಿಲ್ಲ ಅನಿಸುತ್ತದೆ. ಹಾಗಾಗಿ ಮೊದಲ ಕೆಲವು ವಾರ ಮಕ್ಕಳೇ ಬಂದು 'ಮಿಸ್ ಪಾಠ ಮಾಡ್ತಿಲ್ಲ, ನಮ್ಮ ಕೈಲೇ ಮಾಡಿಸ್ತಾರೆ' ಅಂತ ದೂರುತ್ತಾರೆ. ಮನೆಯವರೂ ಫೋನ್ ಮಾಡುತ್ತಾರೆ. ಆಗ ಆ ಶಿಕ್ಷಕರ ಬೆನ್ನಿಗೆ ನಿಲ್ಲಬೇಕಾದವರು ನೀವು. ಮೊದಲ ದೂರಿಗೇ ಜೋಡಿ ಪೀರಿಯಡ್ ಕಿತ್ತುಹಾಕಿದ ಜಾಗಗಳನ್ನು ನಾನು ನೋಡಿದ್ದೇನೆ. ಅಲ್ಲಿನ ಶಿಕ್ಷಕರು ಮತ್ತೆ ಹೊಸದೇನನ್ನೂ ಮಾಡಲು ಮುಂದಾಗಲಿಲ್ಲ.

ಹಾಗಂತ ಪಾಠ ಹೇಳುವುದನ್ನೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಏನೂ ಗೊತ್ತಿಲ್ಲದ ಮಕ್ಕಳನ್ನು 'ನೀವೇ ಕಂಡುಹಿಡಿಯಿರಿ' ಅಂತ ಬಿಟ್ಟರೆ ಗೊಂದಲ ಆಗುತ್ತದೆ, ಸಮಯವೂ ಹಾಳು. ವಿವರಿಸಿ ಹೇಳೋಕೆ ಒಂದು ಹೊತ್ತು ಇದೆ. ಮಕ್ಕಳು ಪ್ರಶ್ನೆಯ ಜೊತೆ ಸ್ವಲ್ಪ ಗುದ್ದಾಡಿದ ಮೇಲೆ ಹತ್ತು ನಿಮಿಷ ಸ್ಪಷ್ಟವಾಗಿ ಹೇಳಿದರೆ ಅದು ನಾಟುತ್ತದೆ. ಸ್ನೋನ ಪಾಠದಲ್ಲೂ ಕೊನೆಗೆ ನಾನು ಬೋರ್ಡಿನ ಹತ್ತಿರ ನಿಂತು ಹೇಳುತ್ತೇನೆ. ಆಗ ಕೇಳುವ ಕಿವಿಗಳೇ ಬೇರೆ.

'ತರಗತಿಯಲ್ಲಿ ಅರವತ್ತು ಜನ ಇದ್ದಾರೆ, ಬೆಂಚು ಸರಿಸೋಕೂ ಜಾಗ ಇಲ್ಲ' ಅಂತ ಇನ್ನೊಂದು ಮಾತು ಬರುತ್ತದೆ. ಅದಕ್ಕೂ ದಾರಿ ಇದೆ. ಎರಿಕ್ ಮಜೂರ್ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರು. 1990ರ ದಶಕದ ಆರಂಭದಲ್ಲಿ ಅವರು ಗಮನಿಸಿದ್ದು ಇದು: ಕಷ್ಟದ ಲೆಕ್ಕ ಬಿಡಿಸುವ ವಿದ್ಯಾರ್ಥಿಗಳೇ ತೀರ ಸರಳವಾದ, ಸೂತ್ರವಿಲ್ಲದ ಪ್ರಶ್ನೆಗೆ ತಡವರಿಸುತ್ತಾರೆ. ಅವರು ಉಪನ್ಯಾಸದ ನಡುವೆ ಪ್ರಶ್ನೆ ಇಡಲು ಶುರುಮಾಡಿದರು. ಅಂಥ ಒಂದು ಪ್ರಶ್ನೆ ನಾನು ಬಳಸುತ್ತೇನೆ. ಲಿಫ್ಟ್ ಒಂದೇ ವೇಗದಲ್ಲಿ ಮೇಲಕ್ಕೆ ಹೋಗುತ್ತಿದೆ. ಅದನ್ನು ಎಳೆಯುವ ಹಗ್ಗದ ಬಲ ಲಿಫ್ಟಿನ ತೂಕಕ್ಕಿಂತ ಜಾಸ್ತಿಯೋ, ಕಡಿಮೆಯೋ, ಸಮವೋ? ಎಲ್ಲರೂ ಎದೆಯ ಮುಂದೆ ಬೆರಳು ತೋರಿಸಬೇಕು. ಒಂದು ಅಂದರೆ ಜಾಸ್ತಿ, ಎರಡು ಅಂದರೆ ಕಡಿಮೆ, ಮೂರು ಅಂದರೆ ಸಮ. ಪಕ್ಕದವರದ್ದು ನೋಡುವ ಹಾಗಿಲ್ಲ. ಹೆಚ್ಚಿನವರು ಒಂದು ಬೆರಳು ಎತ್ತುತ್ತಾರೆ. 'ಮೇಲೆ ಹೋಗ್ತಿದೆ ಅಂದ್ಮೇಲೆ ಜಾಸ್ತಿ ಬಲ ಬೇಕಲ್ವಾ?' ಅನ್ನುವುದು ಅವರ ತರ್ಕ. ಉತ್ತರ ಹೇಳದೆ, 'ಬೇರೆ ಉತ್ತರ ಕೊಟ್ಟ ಪಕ್ಕದವರನ್ನು ಒಪ್ಪಿಸಿ ನೋಡಿ' ಅಂತ ಎರಡು ನಿಮಿಷ ಬಿಡಬೇಕು. ಬೆಂಚು ಸರಿಸಬೇಕಿಲ್ಲ, ತಿರುಗಿ ಕೂತರೆ ಸಾಕು. ಎರಡನೇ ಸಲ ಬೆರಳು ಎತ್ತಿದಾಗ ಮೂರು ಬೆರಳುಗಳು ಎದ್ದು ಕಾಣುತ್ತವೆ. ಸಮ ಅನ್ನುವುದೇ ಸರಿ. ವೇಗ ಬದಲಾಗದಿದ್ದರೆ ಒಟ್ಟು ಬಲ ಸೊನ್ನೆ. ಈಗಷ್ಟೇ ಅರ್ಥಮಾಡಿಕೊಂಡ ಹುಡುಗ ಇನ್ನೊಬ್ಬನಿಗೆ ಹೇಳುವ ರೀತಿ ನನಗಿಂತ ಚೆನ್ನಾಗಿರುತ್ತದೆ, ಯಾಕಂದರೆ ಎಲ್ಲಿ ತೊಡಕಾಗುತ್ತದೆ ಅಂತ ಅವನಿಗೆ ಇನ್ನೂ ನೆನಪಿರುತ್ತದೆ. ಒಂದು ಎಚ್ಚರಿಕೆ: ಶುರುವಿನಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟಾದರೂ ಮಕ್ಕಳಿಗೆ ಸರಿಯುತ್ತರ ಬಂದಿರಬೇಕು. ಯಾರಿಗೂ ಬರದಿದ್ದರೆ ಮಾತುಕತೆಯಿಂದ ಏನೂ ಹುಟ್ಟುವುದಿಲ್ಲ. ಆಗ ನಾವೇ ಹೇಳಿಕೊಡಬೇಕು.

ಇದಕ್ಕಿಂತ ಸಣ್ಣದೊಂದಿದೆ. ಅದಕ್ಕೆ ಕಾಸೂ ಬೇಡ, ಪೀರಿಯಡ್ಡೂ ಬೇಡ. ಪ್ರಶ್ನೆ ಕೇಳಿದ ಮೇಲೆ ಕಾಯುವುದು. ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಅಳೆದಾಗ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನೆ ಕೂರುವವರು ಕಡಿಮೆಯಾಗುತ್ತಾರೆ. ದೊಡ್ಡ ಮಕ್ಕಳ ಮೌನ ಕಂಡರೆ ನಮಗೆ ಗಾಬರಿ, ನಾವೇ ಉತ್ತರ ಹೇಳಿಬಿಡುತ್ತೇವೆ. ತರಬೇತಿಗಳಲ್ಲಿ ಇದನ್ನೊಂದು ಹೇಳಿಕೊಟ್ಟರೂ ಸಾಕಷ್ಟು ಬದಲಾಗುತ್ತದೆ.

ಗುಂಪಿನ ಕೆಲಸದಲ್ಲಿ ಒಬ್ಬ ಮಾಡುತ್ತಾನೆ, ಉಳಿದವರು ನೋಡುತ್ತಾರೆ ಅನ್ನುವುದು ಬಹಳ ಸಲ ನಿಜ. ಅದಕ್ಕೆ ಎಲಿಯಟ್ ಅರೋನ್ಸನ್ ಅನ್ನುವ ಮನೋವಿಜ್ಞಾನಿ 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಒಂದು ದಾರಿ ಮಾಡಿದರು. ಬೇರೆ ಬೇರೆ ಜನಾಂಗದ ಮಕ್ಕಳು ಆಗಷ್ಟೇ ಒಂದೇ ತರಗತಿಗೆ ಬಂದಿದ್ದರು, ಒಬ್ಬರನ್ನೊಬ್ಬರು ನಂಬುತ್ತಿರಲಿಲ್ಲ. ಪಾಠವನ್ನು ತುಂಡು ಮಾಡಿ ಗುಂಪಿನ ಪ್ರತಿಯೊಬ್ಬರಿಗೂ ಒಂದೊಂದು ತುಂಡು ಕೊಟ್ಟರು. ತನ್ನ ತುಂಡನ್ನು ಚೆನ್ನಾಗಿ ಓದಿ ಉಳಿದವರಿಗೆ ಹೇಳಿಕೊಡುವುದು ಪ್ರತಿಯೊಬ್ಬರ ಹೊಣೆ. ಪಕ್ಕದವನ ಮಾತು ಕೇಳದೆ ಪೂರ್ತಿ ಪಾಠ ಯಾರಿಗೂ ಸಿಗುವುದಿಲ್ಲ. ಒಂದು ಯುದ್ಧದ ಕಾರಣಗಳು, ದೇಹದ ಬೇರೆ ಬೇರೆ ಅಂಗವ್ಯೂಹಗಳು, ಹೀಗೆ ಬಿಡಿ ಬಿಡಿಯಾಗಿ ನಿಲ್ಲುವ ವಿಷಯಗಳಿಗೆ ಇದು ಹೇಳಿ ಮಾಡಿಸಿದ್ದು. ಒಂದರ ಮೇಲೊಂದು ನಿಲ್ಲುವ ಗಣಿತದ ಸಾಧನೆಗಳಿಗೆ (ಪ್ರೂಫ್) ಬೇಡ, ಅಲ್ಲಿ ಕೆಡುತ್ತದೆ.

ಗಣಿತಕ್ಕೆ ಬೇರೆಯೇ ಇದೆ. ಸಂಭವನೀಯತೆ ಶುರುಮಾಡುವ ದಿನ ಕೇಳಿ: ಈ ಕೋಣೆಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರಬಹುದಾ? 365 ದಿನ ಇವೆ, ನಲವತ್ತೇ ಜನ, ಸಾಧ್ಯವೇ ಇಲ್ಲ ಅನ್ನುತ್ತಾರೆ. ಲೆಕ್ಕದ ಪ್ರಕಾರ 23 ಜನರಿದ್ದರೇ ಸಾಧ್ಯತೆ ಅರ್ಧ ದಾಟುತ್ತದೆ, 40 ಜನರಿದ್ದರೆ ಸುಮಾರು 89 ಶೇಕಡ. ತಿಂಗಳ ಪ್ರಕಾರ ಕೂಗುತ್ತ ಹೋದರೆ ಹೆಚ್ಚಿನ ಸಲ ಜೋಡಿ ಸಿಕ್ಕೇ ಸಿಗುತ್ತದೆ. ಆಮೇಲೆ ಸೂತ್ರ ಹೇಳಿ ಅಂತ ಅವರೇ ಕೇಳುತ್ತಾರೆ. ಇನ್ನೊಂದು, ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ 1973ರಲ್ಲಿ ಕೊಟ್ಟ ನಾಲ್ಕು ಅಂಕಿಪಟ್ಟಿಗಳು. ನಾಲ್ಕರ ಸರಾಸರಿಯೂ ಒಂದೇ, ಹರಡುವಿಕೆಯೂ ಹೆಚ್ಚುಕಡಿಮೆ ಒಂದೇ. ನಾಲ್ಕು ಗುಂಪಿಗೆ ಒಂದೊಂದು ಪಟ್ಟಿ ಕೊಟ್ಟು ಲೆಕ್ಕ ಹಾಕಿಸಿ. ಉತ್ತರ ಒಂದೇ ಬಂತಲ್ಲ, ಹಾಗಾದರೆ ಪಟ್ಟಿಗಳೂ ಒಂದೇ ಥರ ಇರಬೇಕು ಅಂದುಕೊಳ್ಳುತ್ತಾರೆ. ಈಗ ಗ್ರಾಫ್ ಹಾಳೆಯ ಮೇಲೆ ಬಿಡಿಸಿ ಗೋಡೆಗೆ ಅಂಟಿಸಿ ಅನ್ನಿ. ನಾಲ್ಕೂ ಚಿತ್ರ ಬೇರೆ ಬೇರೆ. ಸರಾಸರಿಯನ್ನಷ್ಟೇ ನಂಬಬಾರದು ಅಂತ ನಾವು ಬಾಯಿ ಬಿಟ್ಟು ಹೇಳಬೇಕಾಗಿಯೇ ಇಲ್ಲ.

ಭಾಷೆಯ ತರಗತಿಗೆ ನನಗೆ ಇಷ್ಟವಾದದ್ದು ಮೌನ ಚರ್ಚೆ. ದೊಡ್ಡ ಹಾಳೆಯ ಮಧ್ಯ ಒಂದು ಪದ್ಯ ಅಂಟಿಸಿ. ಸುತ್ತ ನಾಲ್ಕು ಜನ ಕೂರಲಿ. ಹದಿನೈದು ನಿಮಿಷ ಯಾರೂ ಮಾತಾಡುವಂತಿಲ್ಲ. ಅನಿಸಿದ್ದನ್ನು ಪದ್ಯದ ಪಕ್ಕ ಬರೆಯಬೇಕು, ಬೇರೆಯವರು ಬರೆದದ್ದಕ್ಕೆ ಗೆರೆ ಎಳೆದು ಉತ್ತರ ಬರೆಯಬೇಕು. ಈ ವಯಸ್ಸಿನಲ್ಲಿ ಎಲ್ಲರ ಮುಂದೆ ಬಾಯಿ ಬಿಡಲು ಹೆದರುವವರು ಬಹಳ. ಮಾತಿನ ಚರ್ಚೆಯಲ್ಲಿ ಮೂರ್ನಾಲ್ಕು ಜನರದ್ದೇ ಧ್ವನಿ ಕೇಳುತ್ತದೆ. ಪೆನ್ನು ಕೈಗೆ ಬಂದರೆ ಹಾಗಾಗುವುದಿಲ್ಲ. ಆಮೇಲೆ ಹಾಳೆಗಳನ್ನು ಗೋಡೆಗೆ ಹಚ್ಚಿ ಎಲ್ಲರೂ ಸುತ್ತಾಡಿ ಓದುತ್ತಾರೆ. ಪಾತ್ರವೊಂದನ್ನು ಕಟಕಟೆಗೆ ನಿಲ್ಲಿಸಿ ಎರಡು ಕಡೆಯ ವಕೀಲರು ವಾದಿಸುವುದೂ ಚೆನ್ನಾಗಿ ನಡೆಯುತ್ತದೆ. ಆದರೆ ನಿಯಮ ಒಂದೇ: ಪಠ್ಯದ ಯಾವ ಸಾಲು ನಿಮ್ಮ ಸಾಕ್ಷಿ ಅಂತ ತೋರಿಸಬೇಕು. ಆ ನಿಯಮ ಇಲ್ಲದಿದ್ದರೆ ಅದು ಗದ್ದಲ ಅಷ್ಟೇ.

ಇನ್ನು ಸಾಮಗ್ರಿಯ ವಿಷಯ. ಒಳ್ಳೆಯದು ಎಷ್ಟೋ ಉಚಿತವಾಗಿಯೇ ಇದೆ. ಕಾರ್ಲ್ ವೀಮನ್ ಭೌತಶಾಸ್ತ್ರಕ್ಕೆ 2001ರ ನೊಬೆಲ್ ಹಂಚಿಕೊಂಡವರು. ಮರುವರ್ಷ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಫೆಟ್ ಅನ್ನುವ ಯೋಜನೆ ಶುರುಮಾಡಿದರು. ವಿದ್ಯುತ್ ಮಂಡಲ, ಅಲೆ, ಅನಿಲ, ಆಮ್ಲ ಎಲ್ಲವನ್ನೂ ಪರದೆಯ ಮೇಲೆ ಕೈಯಾಡಿಸಿ ನೋಡಬಹುದು. ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ. ರೇಖಾಗಣಿತಕ್ಕೆ, ಬೀಜಗಣಿತಕ್ಕೆ ಜಿಯೋಜೆಬ್ರಾ ಅನ್ನುವ ತಂತ್ರಾಂಶ ಇದೆ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದಾಗ ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಅಂತ ನೋಡುವುದೇ ಪ್ರಮೇಯದ ಮೊದಲ ಹೆಜ್ಜೆ. ಮನು ಪ್ರಕಾಶ್ ಮತ್ತು ಜಿಮ್ ಸೈಬುಲ್ಸ್ಕಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ ಫೋಲ್ಡ್‌ಸ್ಕೋಪ್ ಅನ್ನುವ ಕಾಗದದ ಸೂಕ್ಷ್ಮದರ್ಶಕವನ್ನು ಪ್ರತಿ ಜೋಡಿಗೂ ಒಂದೊಂದು ಕೊಡಬಹುದು. ಪ್ರಯೋಗಾಲಯದ ಒಂದೇ ಸೂಕ್ಷ್ಮದರ್ಶಕದ ಮುಂದೆ ಸಾಲು ನಿಲ್ಲುವುದು ತಪ್ಪುತ್ತದೆ.

ಆದರೆ ದೊಡ್ಡ ಮಕ್ಕಳಿಗೆ ಎಲ್ಲಕ್ಕಿಂತ ಹೆಚ್ಚು ರುಚಿಸುವುದು ನಿಜವಾದ ಕೆಲಸ. ಗ್ಯಾಲಕ್ಸಿ ಝೂ ಅನ್ನುವ ಯೋಜನೆ 2007ರಲ್ಲಿ ಶುರುವಾಯಿತು. ದೂರದರ್ಶಕ ತೆಗೆದ ಲಕ್ಷಾಂತರ ಗ್ಯಾಲಕ್ಸಿಗಳ ಚಿತ್ರ ನೋಡಿ ವಿಂಗಡಿಸಲು ಸಾಮಾನ್ಯ ಜನರನ್ನೇ ಕರೆದರು. ಹ್ಯಾನಿ ವಾನ್ ಆರ್ಕೆಲ್ ಅನ್ನುವ ಡಚ್ ಶಾಲಾ ಶಿಕ್ಷಕಿ ಅದರಲ್ಲಿ ಯಾರೂ ಗಮನಿಸದ ಒಂದು ಹೊಳೆಯುವ ಆಕಾರ ಕಂಡು 'ಇದೇನು?' ಅಂತ ಕೇಳಿದರು. ಅದು ವಿಜ್ಞಾನಿಗಳಿಗೂ ಹೊಸದು. ಒಂದು ಗ್ಯಾಲಕ್ಸಿಯ ಪಕ್ಕ ಹೊಳೆಯುತ್ತಿದ್ದ ದೊಡ್ಡ ಅನಿಲದ ಮೋಡ ಅದು, ಈಗ ಅವರ ಹೆಸರಿನಲ್ಲೇ ಇದೆ. ಈ ಸಂಗತಿ ಹೇಳಿ, ಅಂಥದ್ದೇ ಯೋಜನೆಗಳಿರುವ ಝೂನಿವರ್ಸ್ ತಾಣ ತೆರೆದು ಕೊಟ್ಟರೆ, ಕೊನೆಯ ಬೆಂಚಿನವರೂ ಪರದೆಗೆ ಹತ್ತಿರ ಬರುತ್ತಾರೆ. ಹಕ್ಕಿ ಎಣಿಸುವವರಿಗೆ ಇಬರ್ಡ್ ಇದೆ, ಗಿಡ ಕೀಟ ಗುರುತಿಸುವವರಿಗೆ ಐನ್ಯಾಚುರಲಿಸ್ಟ್ ಇದೆ. ತಾವು ದಾಖಲಿಸಿದ್ದನ್ನು ಬೇರೆಯವರು ಬಳಸುತ್ತಾರೆ ಅಂತ ಗೊತ್ತಾದರೆ ಮಕ್ಕಳು ಎರಡೆರಡು ಸಲ ಪರೀಕ್ಷಿಸಿ ಬರೆಯುತ್ತಾರೆ. ಅಂಕಕ್ಕೆ ಬರೆಯುವಾಗ ಅಷ್ಟು ಎಚ್ಚರ ಇರುವುದಿಲ್ಲ.

ಪರದೆಯೇ ಬೇಕು ಅಂತಲೂ ಇಲ್ಲ. ಔಷಧಿ ಡಬ್ಬಿಯೊಳಗಿನ ಚೀಟಿ, ವಿದ್ಯುತ್ ಬಿಲ್ಲು, ಸಾಲದ ಅರ್ಜಿ, ಹಳೆಯ ಪತ್ರಿಕೆ, ಇವೆಲ್ಲ ಒಳ್ಳೆಯ ಪಠ್ಯ. ಇನ್ನು ಕೆಲವೇ ವರ್ಷದಲ್ಲಿ ಇವಕ್ಕೆ ಸಹಿ ಹಾಕಬೇಕಾದವರು ಅವರೇ ತಾನೇ? ಚಕ್ರಬಡ್ಡಿಯ ಅಧ್ಯಾಯವನ್ನು ನಿಜವಾದ ಸಾಲದ ಅರ್ಜಿಯ ಸಣ್ಣ ಅಕ್ಷರಗಳಿಂದಲೇ ಶುರುಮಾಡಬಹುದು.

ದಯವಿಟ್ಟು ಒಂದು ಕೆಲಸ ಮಾತ್ರ ಮಾಡಬೇಡಿ. ವರ್ಷಕ್ಕೊಂದು 'ಚಟುವಟಿಕೆ ದಿನ' ಇಟ್ಟು, ಫೋಟೋ ತೆಗೆದು, ಫೈಲಿಗೆ ಹಾಕಿ ಮುಗಿಸಬೇಡಿ. ಆ ದಿನಕ್ಕೆ ಮಾದರಿ ತಯಾರಿಸುವುದು ಎಷ್ಟೋ ಸಲ ಮನೆಯವರು, ಇಲ್ಲ ಶಿಕ್ಷಕರು. ಮಕ್ಕಳು ಪಕ್ಕದಲ್ಲಿ ನಿಂತು ಉರು ಹೊಡೆದ ವಿವರಣೆ ಒಪ್ಪಿಸುತ್ತಾರೆ. ದುಬಾರಿ ಪರದೆ ತಂದು ಗೋಡೆಗೆ ತೂಗುಹಾಕಿ, ಅದರ ಮೇಲೆ ಅದೇ ನೋಟ್ಸ್ ತೋರಿಸುವುದೂ ಬೇಡ. ಆ ಹಣದ ಚೂರು ಪಾಲಿನಲ್ಲಿ ಪ್ರತಿ ವಿಷಯಕ್ಕೂ ಒಂದೊಂದು ಪೆಟ್ಟಿಗೆ ತುಂಬಿಸಬಹುದು: ನಕ್ಷೆ, ಚೀಟಿ, ಗ್ರಾಫ್ ಹಾಳೆ, ದೊಡ್ಡ ಕಾಗದ, ದಪ್ಪ ಪೆನ್ನು, ದಾಳ, ಸ್ಟಾಪ್‌ವಾಚ್. ಒಬ್ಬರು ಮಾಡಿದ್ದು ಮುಂದಿನ ವರ್ಷ ಇನ್ನೊಬ್ಬರಿಗೂ ಸಿಗುವ ಹಾಗೆ.

ಕೊನೆಗೆ, ನಿಮ್ಮ ಕೈಯಲ್ಲೇ ಇರುವ ವಿಷಯಗಳು. ಎಲ್ಲಕ್ಕಿಂತ ಮೊದಲು ಜೋಡಿ ಪೀರಿಯಡ್, ಅದೂ ದಿನದ ಕೊನೆಗೆ ಬೇಡ, ಆಗ ಎಲ್ಲರೂ ಸುಸ್ತಾಗಿರುತ್ತಾರೆ. ಅದಕ್ಕೆ ತಯಾರಿ ಮಾಡಲು ಒಂದೇ ವಿಷಯದ ಶಿಕ್ಷಕರಿಗೆಲ್ಲ ವಾರಕ್ಕೊಂದು ಪೀರಿಯಡ್ ಒಟ್ಟಿಗೆ ಬಿಡುವು ಕೊಡಿ. ಸ್ನೋನ ಚೀಟಿಗಳನ್ನು ಒಬ್ಬರೇ ಬರೆಯೋಕೆ ಸಂಜೆಗಳೇ ಹೋಗುತ್ತವೆ, ನಾಲ್ಕು ಜನ ಸೇರಿದರೆ ಬೇಗ ಆಗುತ್ತದೆ. ಸರಿಸಬಹುದಾದ ಬೆಂಚುಗಳು ಒಂದು ಕೋಣೆಯಲ್ಲಾದರೂ ಇರಲಿ, ಎಲ್ಲ ತರಗತಿಯವರೂ ಸರದಿಯ ಮೇಲೆ ಬಳಸುತ್ತೇವೆ. ಕಾರಿಡಾರಿನಲ್ಲಿ ಹೋಗುವಾಗ ಒಳಗೆ ಸದ್ದು ಕೇಳಿದರೆ ಬಾಗಿಲಿಗೆ ಬಂದು 'ಏನಿದು ಗಲಾಟೆ?' ಅಂತ ಕೇಳುವ ಮೊದಲು, ಆ ಸದ್ದಿನಲ್ಲಿ ಏನು ಮಾತಾಡುತ್ತಿದ್ದಾರೆ ಅಂತ ಒಂದು ನಿಮಿಷ ನಿಂತು ಕೇಳಿ. ಪರೀಕ್ಷೆ ರೂಪಿಸುವವರಿಗೆ ನನ್ನ ಕೋರಿಕೆ ಇನ್ನೊಂದು: ಪ್ರತಿ ಪ್ರಶ್ನೆಪತ್ರಿಕೆಯಲ್ಲೂ ಮಕ್ಕಳು ಹಿಂದೆಂದೂ ನೋಡಿರದ ಒಂದು ನಕ್ಷೆ, ಒಂದು ಅಂಕಿಪಟ್ಟಿ, ಒಂದು ಪದ್ಯ ಕೊಟ್ಟು 'ನಿಮ್ಮ ತೀರ್ಮಾನ ಏನು, ಯಾವ ಆಧಾರದ ಮೇಲೆ?' ಅಂತ ಕೇಳಿ. ಅಂಥ ಒಂದು ಪ್ರಶ್ನೆ ಖಾಯಂ ಆಗಿ ಬರುತ್ತದೆ ಅಂತ ಗೊತ್ತಾದರೆ, ಈ ಪತ್ರದಲ್ಲಿ ನಾನು ಕೇಳಿದ್ದರಲ್ಲಿ ಅರ್ಧ ತಾನಾಗಿಯೇ ಆಗುತ್ತದೆ.

ಪೂರ್ತಿ ಶಾಲೆಗೆ ಒಂದೇ ಸಲ ಬೇಡ ಅನಿಸಿದರೆ ಒಂದು ತರಗತಿ, ಎರಡು ವಿಷಯ, ಒಂದು ಟರ್ಮ್ ಸಾಕು. ಟರ್ಮಿನ ಮೊದಲು ಮತ್ತು ಕೊನೆಗೆ ಒಂದೇ ಥರದ ಕಿರುಪರೀಕ್ಷೆ ಇಡೋಣ. ಪಾಠ ಮುಗಿದು ಒಂದೆರಡು ತಿಂಗಳಾದ ಮೇಲೆ, ಮಕ್ಕಳಿಗೆ ಮುನ್ಸೂಚನೆ ಕೊಡದೆ, ಇನ್ನೊಂದು. ಮೂರರ ಫಲಿತಾಂಶವನ್ನೂ ನಿಮ್ಮ ಮೇಜಿನ ಮೇಲೆ ಇಡುತ್ತೇವೆ. ಮುಂದಿನ ವರ್ಷದ ಟೈಮ್‌ಟೇಬಲ್ ಅಂತಿಮ ಮಾಡುವ ಮೊದಲು ಶಿಕ್ಷಕರನ್ನೂ ಒಂದಿಬ್ಬರು ವಿದ್ಯಾರ್ಥಿಗಳನ್ನೂ ಕೂರಿಸಿಕೊಂಡು ಮಾತಾಡಿ. ಯಾವ ದಿನ, ಯಾವ ಪೀರಿಯಡ್ ಅಂತ ಅಲ್ಲೇ ಗುರುತು ಹಾಕೋಣ.

ಇಂತಿ,
ದೊಡ್ಡ ತರಗತಿಗಳ ಒಬ್ಬ ಶಿಕ್ಷಕಿ